ಕೃಪೆ: ಅಂತರ್ಜಾಲ

ಆ ಮನೆಯವರಿಗೆ ಒಂದು ಅಭ್ಯಾಸವಿತ್ತು: ಎದುರಿಗೆ ನಿಂತವರನ್ನು ಬಿಟ್ಟು ಕನ್ನಡಿಯಲ್ಲಿ ಕಾಣುವವರ ಜೊತೆ ಮಾತಾಡುವುದು. ಮುಂದಿನ ಕೋಣೆ ಕ್ಷೌರದಂಗಡಿ, ಪರದೆ ಸರಿಸಿದರೆ ಅಡುಗೆಮನೆ. ಮಾವ ಐವತ್ತು ವರ್ಷ ಗಿರಾಕಿಯ ಬೆನ್ನ ಹಿಂದೆ ನಿಂತು, ಕನ್ನಡಿಯೊಳಗಿನ ಅವನ ಮುಖದ ಜೊತೆ ಸುಖದುಃಖ ಆಡಿದವರು. ಅದೇ ರೂಢಿಯಲ್ಲಿ ಮಗನನ್ನು ಬೈಯುವಾಗಲೂ ಕನ್ನಡಿ ನೋಡಿಯೇ ಬೈಯುತ್ತಿದ್ದರು. ಸೊಸೆ ಬಂದ ಹೊಸತರಲ್ಲಿ, ಇವರೆಲ್ಲ ಯಾರ ಜೊತೆ ಮಾತಾಡುತ್ತಾರಪ್ಪಾ ಎಂದು ಕಂಗಾಲಾಗಿದ್ದಳು. ನಾಲ್ಕು ವರ್ಷ ಕಳೆದ ಮೇಲೆ ಅವಳೂ ಟೀ ಲೋಟ ಹಿಡಿದು ಪರದೆಯ ಹತ್ತಿರ ನಿಂತು, ಕನ್ನಡಿಯಲ್ಲೇ ಗಂಡನಿಗೆ ಕಣ್ಸನ್ನೆ ಮಾಡುವಷ್ಟು ಪಳಗಿದ್ದಳು.

ಎರಡು ವರ್ಷದಿಂದ ಮಾವನ ಕೈ ನಡುಗುತ್ತಿತ್ತು. ಕತ್ತರಿಯನ್ನು ಮಗನಿಗೆ ಒಪ್ಪಿಸಿ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಆದರೆ ಬೆಳಗೆದ್ದು ತಮ್ಮ ಗಡ್ಡವನ್ನು ಮಾತ್ರ ತಾವೇ ಹೆರೆದುಕೊಳ್ಳಬೇಕು. ಮಗ ಕತ್ತಿ ಮುಟ್ಟಲು ಬಂದರೆ ಕೆಂಡವಾಗುತ್ತಿದ್ದರು. ಹಾಗಾಗಿ ದಿನಾ ಗಲ್ಲದ ಮೇಲೆ ಎರಡು ಮೂರು ಕಡೆ ಕಾಗದದ ಚೂರು ಅಂಟಿಸಿಕೊಂಡೇ ತಿಂಡಿಗೆ ಬರುವುದು.

"ಇವತ್ತು ಮೂರು. ನಿನ್ನೆ ಎರಡೇ ಇತ್ತು," ಎಂದು ಅತ್ತೆ ತಟ್ಟೆ ಇಡುತ್ತಾ ಲೆಕ್ಕ ಹೇಳುವರು.

"ಬ್ಲೇಡು ಸರಿಯಿಲ್ಲ."

"ಬ್ಲೇಡು ಸರಿಯಾಗೇ ಇದೆ. ಹಟಕ್ಕೆ ಮಾತ್ರ ಇನ್ನೂ ತುಕ್ಕು ಹಿಡಿದಿಲ್ಲ."

ಆ ವರ್ಷ ಬೀದಿಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಯೊಂದು ಬಂತು. ಐದು ಕುರ್ಚಿ, ತಣ್ಣನೆ ಗಾಳಿ, ಗೋಡೆ ತುಂಬ ಚಿತ್ರ. ಇಲ್ಲಿನ ಬೆಂಚು ಖಾಲಿಯಾಗುತ್ತಾ ಬಂತು. ಒಂದು ಮಧ್ಯಾಹ್ನ ಗಂಡ ಕೈ ತೊಳೆಯುತ್ತಾ ಸುದ್ದಿ ಒಡೆದ.

"ಗಾಜಿನಂಗಡಿಯವ್ರು ಕರೀತಿದಾರೆ. ಒಂದು ಕುರ್ಚಿ ನಂದಂತೆ. ತಿಂಗಳ ಸಂಬಳ."

ಮಾವ ಬೆಂಚಿನಿಂದಲೇ ಕನ್ನಡಿ ನೋಡಿದರು. ಕನ್ನಡಿಯೊಳಗೆ ಮಗ ನೆಲ ನೋಡಿದ.

"ನಮ್ಮ ಕುರ್ಚೀನ ಏನ್ಮಾಡ್ತೀಯಾ?"

"ಅಪ್ಪಾ, ನಾನೇನು ಖುಷಿಗೆ ಹೇಳ್ತಿದೀನಾ?"

ಆಗ ಸೊಸೆ ಪರದೆ ಸರಿಸಿಕೊಂಡು ಈಚೆ ಬಂದಳು. "ಮಾವ, ನಮ್ಮ ಅಂಗಡಿಗೆ ಕೈ ಇದೆ, ಮುಖ ಇಲ್ಲ. ಇಲ್ಲೊಂದು ಅಂಗಡಿ ಇದೆ ಅಂತಾನೇ ದಾರೀಲಿ ಹೋಗೋರಿಗೆ ಕಾಣಲ್ಲ. ಫೋನಲ್ಲಿ ಒಂದು ಪುಟ ಮಾಡ್ತೀನಿ, ಗೋಡೆಗೊಂದು ದೊಡ್ಡ ಫ್ಲೆಕ್ಸ್ ಹಾಕಿಸೋಣ. ಎರಡು ತಿಂಗಳು ನೋಡಿ."

"ಇವಳಿಗೆ ಫೋನಲ್ಲಿ ಬೆರಳಾಡಿಸೋದು ಬಿಟ್ಟು ಬೇರೇನು ಬರುತ್ತೆ?" ಅತ್ತೆ ಒಳಗಿನಿಂದ ಕೂಗಿದರು. "ಒಲೆ ಮೇಲೆ ಹಾಲಿಟ್ಟು ಹೋಗಿದಾಳೆ, ನೋಡಿ!"

ಮಾವ ಗಲ್ಲದ ಕಾಗದ ಕಿತ್ತು ನೋಡಿ, ರಕ್ತ ನಿಂತಿದೆಯೆಂದು ಖಾತ್ರಿ ಮಾಡಿಕೊಂಡರು. "ಆಗ್ಲಿ ತಾಯಿ. ಕೈ ಅವನದು, ಮುಖ ನಿಂದು. ಎರಡು ತಿಂಗಳು."

ಆ ಮನೆಯಲ್ಲಿ ಅವಳ ಕೈಗೆಂದು ಬಂದ ಮೊದಲ ಕೆಲಸ ಅದು. ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದೂ ಅವಳಿಗೆ ಆ ಹೊತ್ತಿನಲ್ಲಿ ಶುಭವಾಗಿಯೇ ಕಂಡಿತು.

ಫ್ಲೆಕ್ಸಿಗೆ ಒಂದು ಚಿತ್ರಕ್ಕಾಗಿ ಮೂರು ದಿನ ಹುಡುಕಿದಳು. ತರಕಾರಿ ಹೆಚ್ಚುವಾಗ ಒಂದು ಕೈಯಲ್ಲಿ ಚಾಕು, ಮೊಣಕಾಲ ಮೇಲೆ ಫೋನು. ನೂರಾರು ತಲೆ ನೋಡಿ ನೋಡಿ ಬೇಸತ್ತಿದ್ದಾಗ ಆ ಚಿತ್ರ ಬಂತು. ಒಬ್ಬ ಮುದುಕ ತಲೆ ಹಿಂದಕ್ಕೆ ಒರಗಿಸಿ ಕೂತಿದ್ದಾನೆ. ಅರ್ಧ ಮುಖ ಸೋಪಿನ ನೊರೆ, ಅರ್ಧ ಮುಖ ಆಗತಾನೇ ಹೆರೆದು ನುಣುಪಾಗಿದೆ. ಪಕ್ಕದಿಂದ ಬಂದ ಒಂದು ಕೈಯಲ್ಲಿ ಕತ್ತಿ. ಇನ್ನೊಂದು ಕೈಯ ಹೆಬ್ಬೆರಳು ಕಿವಿಯ ಹತ್ತಿರ ಚರ್ಮವನ್ನು ಮೆಲ್ಲಗೆ ಮೇಲಕ್ಕೆಳೆದು ಹಿಡಿದಿದೆ. ಕತ್ತಿ ಹಿಡಿದವರ ಮುಖ ಕಾಣದು. ಮುದುಕನ ಮುಚ್ಚಿದ ಕಣ್ಣುಗಳಲ್ಲಿ ಎಂಥದೋ ನಂಬಿಕೆ. ದೇವರ ಮುಂದೆ ಕೂತವರೂ ಕೆಲವೊಮ್ಮೆ ಅಷ್ಟು ನಿಶ್ಚಿಂತೆಯಿಂದ ಕಣ್ಣು ಮುಚ್ಚಲಾರರು.

ಫ್ಲೆಕ್ಸಿನಲ್ಲಿ ಅಂಗಡಿಯ ಹೆಸರು ಎಡಗಡೆ ಬರುವುದಿತ್ತು. ಮುದುಕ ಬಲಕ್ಕೆ ತಿರುಗಿದ್ದ. ಹೆಸರಿಗೆ ಬೆನ್ನು ಹಾಕಿ ಕೂತರೆ ಚೆಂದವೇ ಎಂದು ಒಂದು ಬಟನ್ ಒತ್ತಿ ಅವನನ್ನು ಎಡಕ್ಕೆ ತಿರುಗಿಸಿದಳು. ಚಿತ್ರದ ಮೂಲೆಯಲ್ಲಿ ಇರುವೆ ಸಾಲಿನಂಥದ್ದೇನೋ ಇತ್ತು. ಯಾವುದೋ ನಕ್ಷೆಯಿರಬೇಕು ಎಂದು ಬಿಟ್ಟಳು. ಕೊನೆಗೆ, ಪತ್ರಿಕೆಗಳಲ್ಲಿ ನೋಡಿದ್ದ ನೆನಪಿಗೆ, ಕೆಳಗೆ ಒಪ್ಪವಾಗಿ ಒಂದು ಸಾಲು ಸೇರಿಸಿದಳು: ಚಿತ್ರ ಕೃಪೆ: ಅಂತರ್ಜಾಲ. ಹಾಗೆ ಬರೆದ ಮೇಲೆ ಕೊಡಬೇಕಾದ ಮರ್ಯಾದೆ ಕೊಟ್ಟಾಯಿತೆಂದು ಅವಳ ಮನಸ್ಸು ಹಗುರಾಯಿತು. ಫೋನಿನ ಪುಟದಲ್ಲೂ ಅದನ್ನೇ ಹಾಕಿದಳು.

ಆರಡಿ ಫ್ಲೆಕ್ಸ್ ಬಂದು, ಬಾಗಿಲಿಂದ ಬೀದಿಗೂ ಕಾಣುವಂತೆ ಕನ್ನಡಿಯ ಎದುರುಗೋಡೆಗೆ ಏರಿತು. ಮಾವ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಕೈಗಳನ್ನೇ ನೋಡುತ್ತ ನಿಂತರು.

"ಎಡಗೈಯವನು ಕಣಮ್ಮ ಇವನು. ಆದ್ರೂ ಹೆಬ್ಬೆಟ್ಟು ನೋಡು, ಚರ್ಮ ಹೇಗೆ ಹಿಡಿದಿದಾನೆ. ಇವನ ಗಮನ ಕೂದಲ ಮೇಲಿಲ್ಲ. ನೋವಾಗದ ಹಾಗೆ ಕಾಯ್ತಿದಾನೆ." ಕನ್ನಡಕ ತೆಗೆದು ಒರೆಸುತ್ತ, "ಇಂಥ ಕೈ ನನಗೆ ಬರೋಕೆ ಹದಿನೈದು ವರ್ಷ ಬೇಕಾಯ್ತು," ಎಂದರು.

ಪುಟ ಜನರ ಕಣ್ಣಿಗೆ ಬಿತ್ತು. ಮೊದಲ ವಾರ ಇಬ್ಬರು ಹೊಸಬರು ಬಂದರು, ಆಮೇಲೆ ನಾಲ್ವರು. "ಎಡಗೈಯವರು ಎಲ್ಲಿ?" ಎಂದು ಕೇಳಿದವನೊಬ್ಬನಿಗೆ ಗಂಡ, "ರಜೆ ಮೇಲಿದಾರೆ," ಎಂದುಬಿಟ್ಟ. ಅಡುಗೆಮನೆಯಲ್ಲಿ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ವಾರ ಅತ್ತೆ ಯಾವ ಮಾತೂ ಆಡದೆ ಅವಳ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದರು.

ಹೀಗಿರುವಾಗ ಹಳೆಯ ಗಿರಾಕಿ ಅಲ್ಪವಿರಾಮ ಬಂದರು. ಅಚ್ಚುಮನೆಯಲ್ಲಿ ಕರಡು ತಿದ್ದುವವರು. ಕ್ಷೌರದ ನಡುನಡುವೆ "ತಡಿ" ಎಂದು ಕೈಯೆತ್ತಿ ಮಾತು ಶುರು ಮಾಡುತ್ತಿದ್ದುದರಿಂದ ಮಾವನೇ ಆ ಹೆಸರಿಟ್ಟಿದ್ದರು. ಕಣ್ಣಿಗೆ ಅಕ್ಷರ ಬಿದ್ದರೆ ಅವರು ಬಿಡುವವರಲ್ಲ. ಸೋಪಿನ ಡಬ್ಬಿಯ ಮೇಲಿನ ತಪ್ಪನ್ನೂ ಎತ್ತಿ ಆಡುವವರು. ಗಂಡ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಅವರು ಕನ್ನಡಿ ನೋಡುತ್ತಿದ್ದರು.

"ತಡಿ. ಇದೇನಯ್ಯಾ, ನಿಮ್ಮಂಗಡಿ ಹೆಸರು ಉಲ್ಟಾ ಇದೆ?"

"ಕನ್ನಡೀಲಿ ಎಲ್ಲ ಉಲ್ಟಾನೇ ಅಲ್ವಾ ಸಾರ್."

"ಅದು ಗೊತ್ತಪ್ಪ. ಹಾಗಾದ್ರೆ ಆ ಮೂಲೇಲಿರೋ ಹೆಸರು ಹೇಗೆ ನೆಟ್ಟಗಿದೆ?"

ಗಂಡ ಬ್ರಶ್ ಹಿಡಿದೇ ನಿಂತ. ಪರದೆಯ ಬಳಿ ಲೋಟ ಹಿಡಿದಿದ್ದ ಸೊಸೆ ಕನ್ನಡಿ ನೋಡಿದಳು. ಫೋನಿನಲ್ಲಿ ಇರುವೆ ಸಾಲಿನಂತಿದ್ದದ್ದು ಆರಡಿಯ ಫ್ಲೆಕ್ಸಿನ ಮೇಲೆ ಹೆಬ್ಬೆರಳ ಗಾತ್ರವಾಗಿತ್ತು. ಗೋಡೆಯ ಮೇಲೆ ಅದು ಈಗಲೂ ಬಳ್ಳಿಯ ಚಿತ್ತಾರದ ಹಾಗೆಯೇ ಕಾಣುತ್ತಿತ್ತು. ಕನ್ನಡಿಯಲ್ಲಿ ಮಾತ್ರ ತಿರುಗಿಸಿದ್ದೆಲ್ಲ ಮತ್ತೆ ತಿರುಗಿ, ಮುದುಕ ತನ್ನ ದಿಕ್ಕಿಗೆ ಮುಖ ಮಾಡಿದ್ದ. ಕತ್ತಿ ಹಿಡಿದ ಕೈ ಬಲಗೈಯಾಗಿತ್ತು. ಮೂಲೆಯಲ್ಲಿ ಸ್ಪಷ್ಟವಾಗಿ "ಚಿತ್ರ:" ಎಂದಿತ್ತು. ಅದರ ಮುಂದೆ ಒಬ್ಬ ಹೆಣ್ಣುಮಗಳ ಹೆಸರು.

ಅಲ್ಪವಿರಾಮ ಮೆಲ್ಲಗೆ ಓದಿದರು. "ಇಲ್ಲಿ ಹೆಸರಿದೆ. ಕೆಳಗೆ ನೋಡಿದ್ರೆ ಕೃಪೆ ಅಂತರ್ಜಾಲ ಅಂತಿದೆ. ಎರಡರಲ್ಲಿ ಒಂದು ಅಚ್ಚಿನ ತಪ್ಪು. ಯಾವುದು ಅಂತ ನೀವೇ ಹೇಳ್ಬೇಕು."

ಬೆಂಚಿನ ಮೇಲಿದ್ದ ಮಾವ ಎದ್ದು ಕನ್ನಡಿಯ ಹತ್ತಿರ ಬಂದರು. ಯಾರ ಹೆಸರನ್ನೂ ನೋಡಲಿಲ್ಲ. ಕೈಯನ್ನೇ ನೋಡಿದರು.

"ಬಲಗೈ," ಎಂದರು. "ಪಾಪ, ಇಷ್ಟು ದಿನ ಎಡಚ ಅಂತಿದ್ನಲ್ಲ."

ಲೋಟದ ಟೀ ತಣ್ಣಗಾಗಿತ್ತು. ಸೊಸೆ ಅದನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಸಂಜೆ ಊಟಕ್ಕೆ ಕೂತಾಗ ಯಾರೂ ಮಾತೆತ್ತಲಿಲ್ಲ. ವಕೀಲರ ಕಚೇರಿಯಲ್ಲಿ ಟೈಪು ಮಾಡುವ ನಾದಿನಿ ಮಾತ್ರ ವಿಷಯ ತಿಳಿಯದೆ, "ಏನಿದು, ಎಲ್ಲರೂ ಬಾಯಿಗೆ ನೊರೆ ಹಚ್ಕೊಂಡಿದೀರಾ?" ಎಂದಳು. ಗಂಡ ಹೇಳಿದ. ಹೇಳುತ್ತಾ ಹೇಳುತ್ತಾ ಅವನೇ ಬಿಸಿಯಾದ.

"ಅದಕ್ಕೀಗ ಏನ್ಮಾಡ್ಬೇಕು? ಊರೆಲ್ಲ ಹಾಕ್ಕೊಳ್ತಾರೆ. ನಾವು ಹಾಕಿದ್ರೆ ಮಾತ್ರ ಪಾಪವಾ? ಆ ಮೂಲೆಗೊಂದು ಸ್ಟಿಕ್ಕರ್ ಅಂಟಿಸಿದ್ರೆ ಮುಗೀತು."

"ನಾನು ಕದ್ದಿದ್ದಲ್ಲ," ಎಂದಳು ಸೊಸೆ. "ಕೃಪೆ ಅಂತ ಬರೆದಿದೀನಲ್ಲ. ಅದೂ ಇದ್ದ ಹಾಗೇ ಇಟ್ಟಿಲ್ಲ, ತಿರುಗಿಸಿದೀನಿ."

"ಅತ್ತಿಗೆ, ಕನ್ನಡಿ ಮುಂದೆ ನಿಂತ್ರೆ ನೀವು ಬೇರೆಯವರಾಗ್ತೀರಾ?" ನಾದಿನಿ ನಗುತ್ತಲೇ ಕೇಳಿದಳು. ಆಮೇಲೆ ಅತ್ತಿಗೆಯ ಮುಖ ನೋಡಿ ದನಿ ಇಳಿಸಿದಳು. "ಒಂದು ಚಿತ್ರದ ಬಗ್ಗೆ ನಾಲ್ಕು ಮಾತು ಬರೆಯೋಕೆ, ಪಾಠ ಹೇಳೋಕೆ, ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನೋಕೆ ತಗೊಂಡ್ರೆ ಕಾನೂನು ಒಂಚೂರು ಸಡಿಲ ಬಿಡುತ್ತೆ. ನ್ಯಾಯವಾದ ಬಳಕೆ ಅಂತಾರೆ ಅದಕ್ಕೆ. ಅದರಲ್ಲೂ ಎಷ್ಟು ತಗೊಂಡ್ರು, ಯಾಕೆ ತಗೊಂಡ್ರು, ತೆಗೆದವರ ಹೊಟ್ಟೆಗೆ ಏಟು ಬಿತ್ತಾ ಅಂತ ನೋಡ್ತಾರೆ. ಗಿರಾಕಿ ಕರೆಯೋಕೆ ಇಡೀ ಚಿತ್ರಾನ ಗೋಡೆಗೆ ಹೊಡೆದ್ರೆ ಅದರೊಳಗೆ ಬರಲ್ಲ. ಹೆಸರು ಹಾಕಿದ್ರೂ ಬರಲ್ಲ. ಕೇಳ್ಬೇಕು."

"ಯಾರನ್ನ? ಆ ಮುದುಕಪ್ಪನನ್ನಾ?" ಎಂದರು ಅತ್ತೆ.

"ತೆಗೆದವರನ್ನಮ್ಮ. ಮುಖ ಮುದುಕಪ್ಪನದು, ಚಿತ್ರ ತೆಗೆದವರದು."

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. ಅಡುಗೆಮನೆಯಲ್ಲಿ ಕನ್ನಡಿ ಇರಲಿಲ್ಲ. ಹಾಗಾಗಿ ಯಾರನ್ನು ನೋಡಬೇಕೆಂದು ತಿಳಿಯದೆ ತಟ್ಟೆಯನ್ನೇ ನೋಡುತ್ತ ಕೇಳಿದರು. "ಕೃಪೆ ಅಂದ್ರೆ ಏನು ತಾಯಿ?"

ಸೊಸೆ ಸಾರಿನ ಸೌಟನ್ನು ಪಾತ್ರೆಗಿಟ್ಟಳು.

"ಒಬ್ಬರು ನಮ್ಮ ಕಡೆ ನೋಡಿ, ತಗೋ ಅಂತ ಕೊಟ್ರೆ ಅದು ಕೃಪೆ. ನನ್ನ ಕಂಡೇ ಇಲ್ಲದವರ ಕೃಪೆ ನನ್ನ ಮೇಲಿದೆ ಅಂತ ನಾನೇ ಗೋಡೆ ಮೇಲೆ ಬರ್ಕೊಂಡ್ರೆ ಹೇಗೆ? ದೇವರ ವಿಷಯದಲ್ಲೂ ನಾನು ಅಷ್ಟು ಧೈರ್ಯ ಮಾಡಿಲ್ಲ."

"ಅಪ್ಪಾ!" ಗಂಡ ತಟ್ಟೆ ಸರಿಸಿದ. "ಈಗ ತಾನೇ ನಾಲ್ಕು ಜನ ಬರ್ತಿದಾರೆ. ಫ್ಲೆಕ್ಸ್ ಇಳಿಸಿದ್ರೆ ಮತ್ತೆ ನೊಣ ಹೊಡೀಬೇಕು. ಆಮೇಲೆ ನಾನು ಗಾಜಿನಂಗಡಿಗೆ ಹೋದ್ರೆ ಯಾರೂ ಮುಖ ಊದಿಸ್ಕೋಬಾರ್ದು. ಇವಳೂ ಅಷ್ಟೇ."

ಆ ಮಾತು ಸೊಸೆಗೆ ಸರಿಯಾಗಿ ತಾಗಿತು. ಸಿಕ್ಕಿದ ಒಂದು ಕೆಲಸ. ಅದನ್ನು ತನ್ನ ಕೈಯಾರೆ ಇಳಿಸಬೇಕು. ಇಳಿಸಿದರೆ ಅಂಗಡಿಯ ಕುರ್ಚಿ ಖಾಲಿ, ಮಾವನ ಬೆಂಚು ಖಾಲಿ, ತಾನು ಮತ್ತೆ ಹಾಲು ಉಕ್ಕಿಸುವವಳು. ಪಾತ್ರೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು.

"ಸ್ಟಿಕ್ಕರ್ ಅಂಟಿಸಿದ್ರೆ ಹೊರಗಿನವರಿಗೆ ಕಾಣಲ್ಲ. ಅಷ್ಟೇ ಅಲ್ವಾ?"

"ಹೂಂ ಅತ್ತೆ."

"ನಿನಗೆ ಕಾಣುತ್ತಲ್ಲ."

ಮರುದಿನ ಅವಳು ಆ ಹೆಣ್ಣುಮಗಳ ಪುಟ ಹುಡುಕಿ ಬರೆಯಲು ಕೂತಳು. ಮೂರು ಸಲ ಬರೆದು ಅಳಿಸಿದ್ದಾಯಿತು. ಮೊದಲನೆಯದರಲ್ಲಿ ನೆಪಗಳೇ ತುಂಬಿದ್ದವು. ಎರಡನೆಯದರಲ್ಲಿ ಅಳು. ಮೂರನೆಯದನ್ನು ನಾದಿನಿ ಟೈಪು ಮಾಡಿದಳು. ಅದು ವಕೀಲರ ನೋಟೀಸಿನಂತಿತ್ತು. ಕೊನೆಗೆ ಮಾವನೇ ಬಾಯಲ್ಲಿ ಹೇಳಿದರು, ಅವಳು ಬರೆದಳು.

"ನಾವು ಕ್ಷೌರದಂಗಡಿಯವರು. ನಿಮ್ಮ ಚಿತ್ರವನ್ನು ಕೇಳದೆ ತೆಗೆದುಕೊಂಡು ಗೋಡೆಗೆ ಹಾಕಿದ್ದೇವೆ, ಫೋನಿನ ಪುಟದಲ್ಲೂ ಹಾಕಿದ್ದೇವೆ. ತಿರುಗಿಸಿಯೂ ಇದ್ದೇವೆ. ನಿಮ್ಮ ಹೆಸರು ನಮಗೆ ಕನ್ನಡಿಯಲ್ಲಿ ಕಂಡಿತು. ತಪ್ಪಾಯಿತು. ಇರಲಿ ಎಂದರೆ ನಿಮ್ಮ ಹೆಸರು ನೆಟ್ಟಗೆ ಹಾಕುತ್ತೇವೆ, ಬೇಡ ಎಂದರೆ ತೆಗೆಯುತ್ತೇವೆ. ಇನ್ನೊಂದು ಮಾತು, ಐವತ್ತು ವರ್ಷ ಇದೇ ಕೆಲಸ ಮಾಡಿದವನ ಮಾತು: ಆ ಕತ್ತಿ ಹಿಡಿದವರು ಯಾರೋ, ಅವರ ಕೈ ದೊಡ್ಡದು. ಅವರಿಗೆ ನನ್ನ ನಮಸ್ಕಾರ ತಿಳಿಸಿ."

"ಕೊನೇದು ಯಾಕೆ ಮಾವ?"

"ಬರಿ ತಾಯಿ. ತಪ್ಪೊಂದನ್ನೇ ಕಳಿಸಿದ್ರೆ ಪತ್ರ ಒಣಗಿರುತ್ತೆ."

ಉತ್ತರ ಬರುವ ತನಕ ಬೇಡ ಎಂದು ಪುಟದಲ್ಲಿದ್ದ ಚಿತ್ರವನ್ನು ಅವಳು ಅಂದೇ ತೆಗೆದಳು. ಫ್ಲೆಕ್ಸಿನ ಮೇಲೆ ಹಳೆಯ ಬೆಡ್‌ಶೀಟು ಇಳಿಬಿಟ್ಟಳು. "ಯಾರಿಗೆ ಮುಸುಕು ಹಾಕಿದೀರಿ?" ಎಂದು ಗಿರಾಕಿಗಳು ಕೇಳಿದರೆ ಗಂಡ ಉತ್ತರ ಕೊಡುತ್ತಿರಲಿಲ್ಲ. ಅವಳ ಜೊತೆಯೂ ಮಾತಿಲ್ಲ. ಟೀ ಬೇಕಾದರೆ ಕನ್ನಡಿಗೆ ಹೇಳುತ್ತಿದ್ದ, ಕನ್ನಡಿ ಅವಳಿಗೆ ತಲುಪಿಸುತ್ತಿತ್ತು. ಒಂದು ವಾರ ಹೋಯಿತು. ಎರಡನೆಯ ವಾರ ಬೆಂಚಿನ ಮೇಲೆ ಮಾವ ಮತ್ತು ಅಲ್ಪವಿರಾಮ ಇಬ್ಬರೇ ಕೂತ ಮಧ್ಯಾಹ್ನಗಳೂ ಬಂದವು. ಫೋನು ಸದ್ದು ಮಾಡಿದಾಗಲೆಲ್ಲ ಅವಳು ಹಿಟ್ಟಿನ ಕೈಯಲ್ಲೇ ಓಡುವಳು.

ಹದಿಮೂರನೆಯ ದಿನ ಉತ್ತರ ಬಂತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅವಳು ಅಂಗಡಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಓದಿದಳು.

"ನಿಮ್ಮ ಪತ್ರ ತಲುಪಿತು. ಆ ಚಿತ್ರ ತೆಗೆದವಳು ನಾನೇ. ಕೂತವರು ನಮ್ಮಪ್ಪ. ಕತ್ತಿ ಹಿಡಿದ ಕೈ ಕ್ಷೌರಿಕರದಲ್ಲ, ನಮ್ಮಮ್ಮನದು. ಅಪ್ಪನ ಎರಡು ಕೈಗಳೂ ಸ್ವಾಧೀನ ತಪ್ಪಿದ ಮೇಲೆ ಕೊನೆಯ ಎರಡು ವರ್ಷ ಅಮ್ಮನೇ ಅವರ ಗಡ್ಡ ತೆಗೆಯುತ್ತಿದ್ದಳು. ಅಪ್ಪ ಈಗಿಲ್ಲ. ನೆನಪಿಗೆಂದು ಹಾಕಿಕೊಂಡ ಚಿತ್ರ ಸೋಪಿನ ಜಾಹೀರಾತಿನಲ್ಲಿ, ಹಾಸ್ಯದ ಪುಟದಲ್ಲಿ, ಅಂಗಡಿಗಳ ಬಾಗಿಲಲ್ಲಿ ಏಳು ಕಡೆ ಕಂಡಿದೆ. ಒಂದೊಂದು ಸಲವೂ ಅಪ್ಪನನ್ನು ಯಾರೋ ಎತ್ತಿಕೊಂಡು ಹೋದಂತಾಗುತ್ತದೆ. ಕೇಳಿದವರು ನೀವೊಬ್ಬರೇ, ತಡವಾಗಿಯಾದರೂ. ದಯವಿಟ್ಟು ತೆಗೆಯಿರಿ. ಕೋಪದಿಂದ ಹೇಳುತ್ತಿಲ್ಲ.

"ನಿಮ್ಮ ಹಿರಿಯರ ನಮಸ್ಕಾರವನ್ನು ಅಮ್ಮನಿಗೆ ಓದಿ ಹೇಳಿದೆ. 'ಐವತ್ತು ವರ್ಷ ಕೆಲಸ ಮಾಡಿದವರೇ ಹಾಗಂದ್ರಾ?' ಎಂದು ಎರಡು ಸಲ ಕೇಳಿದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗು ನೋಡಿದೆ."

ಅತ್ತೆ ಪರದೆಯ ಅಂಚನ್ನು ಹಿಡಿದು ನಿಂತಿದ್ದರು. ಮಾವ ಗಲ್ಲ ಸವರಿಕೊಂಡರು. ಅಲ್ಲಿ ಆ ದಿನದ ಮೂರು ಚೂರು ಕಾಗದ ಇದ್ದವು.

ಸ್ಟೂಲು ಎಳೆದದ್ದು ಗಂಡ. ಬೆಡ್‌ಶೀಟು ತೆಗೆದು ಹೆಗಲಿಗೆ ಹಾಕಿಕೊಂಡು, ಒಂದೊಂದೇ ಮೊಳೆಯನ್ನು ಸದ್ದಾಗದಂತೆ ಕಿತ್ತ. ಚಿತ್ರ ನೆಲಕ್ಕೆ ಬೀಳಬಾರದೆಂದು ಸೊಸೆ ಕೆಳಗಿನಿಂದ ಎರಡೂ ಕೈ ಚಾಚಿ ಹಿಡಿದಳು. ಮಾವ ಅದನ್ನು ಹರಿಯಬೇಡಿ ಎಂದರು. ಒಳಮುಖವಾಗಿ ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲೆ ಮಲಗಿಸಿದರು.

"ಖಾಲಿ ಗೋಡೆ," ಎಂದಳು ಸೊಸೆ. "ಎರಡು ತಿಂಗಳು ಮುಗೀತಾ ಬಂತು. ನೀವು ಹೋಗೋದಾದ್ರೆ ಹೋಗಿಬಿಡಿ. ನಾನೇನೂ ಅನ್ನಲ್ಲ."

ಗಂಡ ಸ್ಟೂಲಿನ ಮೇಲೇ ಕೂತು ಕೈಯಲ್ಲಿದ್ದ ಮೊಳೆಗಳನ್ನು ಆಡಿಸಿದ. ಉತ್ತರ ಕೊಟ್ಟವರು ಮಾವ.

"ಚಿತ್ರ ನೋಡಿ ಬಂದೋರು ಎಷ್ಟು ಜನ?"

"ಹದಿನಾಲ್ಕು," ಎಂದ ಗಂಡ.

"ಅದರಲ್ಲಿ ತಿರುಗಿ ಬಂದೋರು?"

"ಒಂಬತ್ತು. ಮುಸುಕು ಹಾಕಿದ ಮೇಲೂ ಐದು ಜನ ಬಂದ್ರು."

"ಮೊದಲನೇ ಸಲ ಚಿತ್ರ ನೋಡಿ ಬರ್ತಾರಪ್ಪ. ಎರಡನೇ ಸಲ ಯಾರೂ ಚಿತ್ರಕ್ಕೆ ಬರಲ್ಲ. ಕೈಗೆ ಬರ್ತಾರೆ. ಅವರನ್ನ ಬಾಗಿಲ ತನಕ ತಂದಿದ್ದು ಇವಳು, ಉಳಿಸ್ಕೊಂಡಿದ್ದು ನೀನು. ಇನ್ನು ಯೋಚನೆ ನಿಂದು."

ಗಂಡ ಹೆಚ್ಚು ಹೊತ್ತು ಯೋಚಿಸಲಿಲ್ಲ. ಎರಡು ವಾರದಲ್ಲಿ ಮೊದಲ ಸಲ ಕನ್ನಡಿಯನ್ನು ಬಿಟ್ಟು ನೇರವಾಗಿ ಹೆಂಡತಿಯ ಕಡೆ ತಿರುಗಿದ. "ಟೀ ಇದೆಯೇನೇ? ಕುಡಿದು, ಗಾಜಿನಂಗಡಿಯವ್ರಿಗೆ ಬರಲ್ಲ ಅಂತ ಹೇಳಿ ಬರ್ತೀನಿ."

ವಾರದ ರಜೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಎಳೆಬಿಸಿಲು ಕುರ್ಚಿಯ ಕಾಲ ತನಕ ಬಂದಿತ್ತು. ಸೊಸೆ ಖಾಲಿ ಗೋಡೆಗೆ ಏನು ಹಾಕುವುದೆಂದು ನೋಡುತ್ತ ಫೋನು ಹಿಡಿದು ನಿಂತಿದ್ದಳು. ಮಾವ ಬಂದು ಬೆಂಚಿನ ಮೇಲೆ ಕೂರದೆ ಕುರ್ಚಿಯಲ್ಲಿ ಕೂತರು. ನೊರೆ ತಾವೇ ಹಚ್ಚಿಕೊಂಡರು. ಕತ್ತಿ ಎತ್ತಿದರು, ಅದು ಬಿಸಿಲಲ್ಲಿ ನಡುಗಿತು. ಮತ್ತೆ ಕೆಳಗಿಟ್ಟು ಕನ್ನಡಿಯಲ್ಲಿ ಪರದೆಯ ಕಡೆ ನೋಡಿದರು.

"ಏನೇ, ಬಾ ಇಲ್ಲಿ."

ಅತ್ತೆ ಕೈ ಒರೆಸುತ್ತಾ ಬಂದರು. ಮಾವ ಕತ್ತಿಯ ಹಿಡಿಯನ್ನು ಅವರ ಕಡೆ ಚಾಚಿದರು.

"ನಾನಾ? ಸೊಪ್ಪು ಹೆಚ್ಚೋ ಕೈ ಇದು."

"ನಲವತ್ತು ವರ್ಷ ಪರದೆ ಹಿಂದಿಂದ ನೋಡಿದೀಯಲ್ಲ."

"ಕೊಯ್ದುಬಿಟ್ರೆ?"

"ದಿನಾ ಮೂರು ಕೊಯ್ಕೊಳ್ತೀನಿ. ನೀನು ನಾಲ್ಕು ಮಾಡಿದ್ರೆ ಬೈತೀನಿ."

ಅತ್ತೆ ಕತ್ತಿ ಹಿಡಿದರು. ಕನ್ನಡಿ ನೋಡಿದರು, ದಿಕ್ಕು ತಪ್ಪಿತು. ಆಮೇಲೆ ಕುರ್ಚಿಯನ್ನು ಎರಡೂ ಕೈಯಿಂದ ತಿರುಗಿಸಿ ಮಾವನನ್ನು ತಮ್ಮ ಎದುರು ಮಾಡಿಕೊಂಡರು. "ಅಲ್ಲಿ ನೋಡ್ಬೇಡಿ. ನನ್ನ ಕಡೆ ನೋಡಿ."

ಮಾವ ನೋಡಿದರು. ಆಮೇಲೆ ತಲೆ ಒರಗಿಸಿ ಕಣ್ಣು ಮುಚ್ಚಿದರು. ಅತ್ತೆಯ ಹೆಬ್ಬೆರಳು ಕಿವಿಯ ಹತ್ತಿರದ ಚರ್ಮವನ್ನು ಮೆಲ್ಲಗೆ ಮೇಲಕ್ಕೆಳೆಯಿತು.

ಬಿಸಿಲು, ನೊರೆ, ಮುಚ್ಚಿದ ಕಣ್ಣು, ಆ ಕೈ. ಖಾಲಿ ಗೋಡೆ ಎದುರಿಗೇ ಇತ್ತು. ಫೋನು ತಾನಾಗಿ ಎದೆಯ ಎತ್ತರಕ್ಕೆ ಬಂದಿತ್ತು. ಅಲ್ಲೇ ನಿಲ್ಲಿಸಿ ಕೇಳಿದಳು.

"ಮಾವ, ಒಂದು ಚಿತ್ರ ತೆಗೀಲಾ?"

ಮಾವ ಕಣ್ಣು ತೆರೆಯಲಿಲ್ಲ. "ನನ್ನನ್ನ ಕೇಳ್ಬೇಡ. ಕೆಲಸ ಮಾಡ್ತಿರೋಳು ಅವಳು."

"ಅತ್ತೆ?"

ಅತ್ತೆ ಕತ್ತಿಯಿಂದ ಒಂದು ಗೆರೆ ಎಳೆದು, ನೊರೆಯನ್ನು ಅಂಗೈಗೆ ಒರೆಸಿಕೊಂಡು, ನಿಧಾನವಾಗಿ ಹೇಳಿದರು. "ಬೇಡಮ್ಮ."

ಸೊಸೆ ಫೋನನ್ನು ಬೆಂಚಿನ ಮೇಲೆ ಕವುಚಿ ಇಟ್ಟಳು.

"ನೊರೆ ಒಣಗ್ತಿದೆ," ಎಂದರು ಅತ್ತೆ. "ಆ ಬಿಸಿನೀರಿನ ಪಾತ್ರೆ ತಗೊಂಡು ಇಲ್ಲಿ, ನನ್ನ ಪಕ್ಕಕ್ಕೆ ನಿಂತ್ಕೋ."

ಅವಳು ಹೋಗಿ ನಿಂತಳು.